ಮೊದಲು ಸ್ವಿಚ್ಚು, ಆಮೇಲೆ ಸೂತ್ರ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ರಟ್ಟಿನ ಡಬ್ಬಿಯಿಂದ ಸೀರಿಯಲ್ ಸೆಟ್ಟು ಕೆಳಗಿಳಿಯುತ್ತಿತ್ತು. ಎಲ್‌ಇಡಿ ಬರುವುದಕ್ಕೆ ಮುಂಚಿನ ಮಾತು ಇದು. ಪ್ಲಗ್ಗಿಗೆ ಸಿಕ್ಕಿಸಿದರೆ ಒಂದು ಬಲ್ಬೂ ಹತ್ತುತ್ತಿರಲಿಲ್ಲ. ಎಲ್ಲೋ ಒಂದು ಹೋಗಿರುತ್ತಿತ್ತು, ಅದರ ದೆಸೆಯಿಂದ ಸಾಲಿಗೆ ಸಾಲೇ ಕತ್ತಲು. ಓಣಿಯ ಹುಡುಗರು ಹೋದ ಬಲ್ಬನ್ನು ಕಿತ್ತು, ಎರಡೂ ತಂತಿಯ ತುದಿ ಹೆರೆದು, ಹೊಸೆದು, ಟೇಪು ಸುತ್ತುತ್ತಿದ್ದರು. ಸಾಲು ಮತ್ತೆ ಹತ್ತಿಕೊಳ್ಳುತ್ತಿತ್ತು, ಅದೂ ಮೊದಲಿಗಿಂತ ಒಂದು ಗುಲಗಂಜಿ ಹೆಚ್ಚೇ. ಒಂದು ಬಲ್ಬಿನ ರೋಧ ಹೋಯಿತು, ಒಟ್ಟು ರೋಧ ಇಳಿಯಿತು, ಕರೆಂಟು ಏರಿತು. ನಾಲ್ಕೈದು ಬಲ್ಬು ಕಿತ್ತ ಸೆಟ್ಟಿನಲ್ಲಿ ಉಳಿದವು ಬೇಗ ಬೇಗ ಸುಟ್ಟುಹೋಗುತ್ತಿದ್ದುದೂ ಇದರಿಂದಲೇ.

ಈ ಹುಡುಗರಿಗೆ ಇಷ್ಟು ಕೈಬಂದ ವಿಷಯ ಪರೀಕ್ಷೆಯ ಹಾಳೆಯ ಮೇಲೆ ಬಂದಾಗ ಮಾತ್ರ ಯಾಕೆ ಕಬ್ಬಿಣದ ಕಡಲೆಯಾಗುತ್ತದೆ? ನನಗೆ ಕಂಡ ಕಾರಣ ಇಷ್ಟೆ: ಚಿತ್ರದಲ್ಲಿ ಮೂರು ರೋಧಕ ಕಂಡ ಕೂಡಲೇ ಮಕ್ಕಳು ಸೂತ್ರಕ್ಕೆ ಕೈ ಹಾಕುತ್ತಾರೆ. ಸರಣಿಯಾದರೆ ಕೂಡು, ಸಮಾಂತರವಾದರೆ ತಲೆಕೆಳಗು ಮಾಡಿ ಕೂಡು. ಕರೆಂಟು ಯಾವ ದಾರಿ ಹಿಡಿದು ಹೋದೀತು ಎಂದು ಬೆರಳಿಟ್ಟು ನೋಡುವವರು ಕಡಿಮೆ. ಸ್ವಿಚ್ಚುಗಳಿದ್ದರಂತೂ ಒಂದು ಚಿತ್ರದೊಳಗೆ ಹಲವು ಚಿತ್ರ ಅಡಗಿರುತ್ತವೆ. ಎರಡು ಸ್ವಿಚ್ಚಿದ್ದರೆ ನಾಲ್ಕು, ಮೂರಿದ್ದರೆ ಎಂಟು. ಪ್ರತಿಯೊಂದನ್ನೂ ಬೇರೆಯಾಗಿ ಬರೆದುಕೊಂಡರೆ ಅರ್ಧ ಲೆಕ್ಕ ಮುಗಿದಂತೆ.

ಒಂದನ್ನು ಮಾಡಿಯೇ ನೋಡೋಣ. 12 ವೋಲ್ಟಿನ ಬ್ಯಾಟರಿ. ಅದರ ಮುಂದೆ 4 ಓಮ್‌ನ ಒಂದು ರೋಧಕ. ಅಲ್ಲಿಂದ ದಾರಿ ಕವಲೊಡೆಯುತ್ತದೆ: ಒಂದರಲ್ಲಿ 6 ಓಮ್, ಇನ್ನೊಂದರಲ್ಲಿ 3 ಓಮ್ ಮತ್ತು ಒಂದು ಸ್ವಿಚ್ಚು. ಸ್ವಿಚ್ಚು ಆರಿಸಿದ್ದರೆ 3 ಓಮ್ ಇದ್ದೂ ಇಲ್ಲದಂತೆ, ಚಿತ್ರದಿಂದ ಅಳಿಸಿಬಿಡಿ. ಒಟ್ಟು 10 ಓಮ್, ಕರೆಂಟು 1.2 ಆಂಪಿಯರ್. ಸ್ವಿಚ್ಚು ಹಾಕಿದರೆ 6 ಮತ್ತು 3 ಸೇರಿ 2 ಓಮ್ ಆಗುತ್ತವೆ. ಒಟ್ಟು 6 ಓಮ್, ಕರೆಂಟು 2 ಆಂಪಿಯರ್. ಇನ್ನೊಂದು ರೋಧಕವನ್ನು ಸೇರಿಸಿದ್ದಕ್ಕೆ ರೋಧ ಕಮ್ಮಿಯಾಯಿತು ಎಂಬುದನ್ನು ಮಕ್ಕಳು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪದೆ ವಾದ ಮಾಡುವ ಮಗುವೇ ನನಗೆ ಇಷ್ಟ. ಕರೆಂಟಿಗೆ ಹೋಗಲು ಇನ್ನೊಂದು ದಾರಿ ಸಿಕ್ಕಿತಲ್ಲವೇ ಎಂದು ಬೆರಳಿಟ್ಟು ತೋರಿಸಿದರೆ ಆ ಮಗುವಿನ ಮುಖ ಅರಳುವುದನ್ನು ನೋಡಬೇಕು.

ನಿಜವಾದ ಗಂಟು ಇರುವುದು ಇನ್ನೊಂದು ಬಗೆಯ ಸ್ವಿಚ್ಚಿನಲ್ಲಿ. ಅದೇ ಚಿತ್ರದಲ್ಲಿ 4 ಓಮ್‌ನ ಎರಡು ತುದಿಗಳಿಗೆ ನೇರವಾಗಿ ಒಂದು ತಂತಿ, ಆ ತಂತಿಯಲ್ಲಿ ಸ್ವಿಚ್ಚು. ಇದನ್ನು ಹಾಕಿದರೆ 4 ಓಮ್ ಮಾಯ! ಬರಿಯ ತಂತಿಯ ರೋಧ ಸೊನ್ನೆ ಎಂದು ಹಿಡಿದು ಸಮಾಂತರ ಲೆಕ್ಕ ಹಾಕಿ: ನಾಲ್ಕು ಗುಣಿಸು ಸೊನ್ನೆ, ಭಾಗಿಸು ನಾಲ್ಕು, ಉತ್ತರ ಸೊನ್ನೆಯೇ. ಮೊದಲಿನ ಸ್ವಿಚ್ಚೂ ಹಾಕಿಯೇ ಇದ್ದರೆ ಈಗ ಉಳಿದದ್ದು 2 ಓಮ್, ಕರೆಂಟು ಒಮ್ಮೆಗೇ 6 ಆಂಪಿಯರ್. ಸಾಲಿನಲ್ಲಿರುವ ಸ್ವಿಚ್ಚು ಹಾಕಿದರೆ ರೋಧಕ ಆಟಕ್ಕೆ ಬರುತ್ತದೆ, ಪಕ್ಕದಲ್ಲಿರುವ ಸ್ವಿಚ್ಚು ಹಾಕಿದರೆ ಆಟದಿಂದ ಹೊರಗೆ ಹೋಗುತ್ತದೆ.

ಪಿಯುಸಿ ಪ್ರಯೋಗಾಲಯದ ರೆಸಿಸ್ಟೆನ್ಸ್ ಬಾಕ್ಸ್ ನೆನಪಿದೆಯೇ? ಮರದ ಪೆಟ್ಟಿಗೆ, ಕರಿಯ ಮುಚ್ಚಳ, ಮೇಲೆ ಹಿತ್ತಾಳೆಯ ದಪ್ಪ ಪಟ್ಟಿಗಳು, ನಡುನಡುವೆ ಹಿತ್ತಾಳೆಯ ಬಿರಡೆಗಳು, ಒಂದೊಂದರ ಪಕ್ಕ 1, 2, 2, 5 ಎಂದು ಅಂಕಿ. ಬಿರಡೆ ಕಿತ್ತರೆ ರೋಧ ಸೇರುತ್ತದೆ, ತಿರುವಿ ಕೂರಿಸಿದರೆ ಹೋಗುತ್ತದೆ. ಮುಚ್ಚಳದ ಅಡಿಯಲ್ಲಿ ಪ್ರತಿ ಸಂದಿಗೂ ಒಂದು ಮ್ಯಾಂಗನಿನ್ ತಂತಿಯ ಸುರುಳಿ ಇದೆ. ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗದು ಎಂದು ಆ ಮಿಶ್ರಲೋಹವನ್ನೇ ಆರಿಸಿದ್ದಾರೆ. ಬಿರಡೆ ಕೂತಾಗ ಕರೆಂಟು ಸುರುಳಿಯನ್ನು ಬಿಟ್ಟು ಹಿತ್ತಾಳೆಯಲ್ಲೇ ದಾಟಿಬಿಡುತ್ತದೆ. ಬಿರಡೆಗಳನ್ನು ಬಿಗಿಯಾಗಿ ತಿರುವಿ ಕೂರಿಸಿ ಎಂದು ಲ್ಯಾಬಿನಲ್ಲಿ ಗದರುತ್ತಿದ್ದುದಕ್ಕೆ ಅರ್ಥವಿತ್ತು: ಸಡಿಲ ಬಿರಡೆಯೂ ತನ್ನದೊಂದಿಷ್ಟು ರೋಧವನ್ನು ಲೆಕ್ಕಕ್ಕೆ ಸೇರಿಸುತ್ತದೆ.

ಲೆಕ್ಕದುದ್ದಕ್ಕೂ ನಾವು ಹಿಡಿದ ಈ ‘ಒಟ್ಟು’ ರೋಧ ಎಂಬುದು ಗೇಯಾರ್ಗ್ ಓಮ್ ಬರೆದ ಸಮೀಕರಣದಲ್ಲೇ ಇತ್ತು. ಕಲೋನ್ ನಗರದಲ್ಲಿ ಮೇಷ್ಟರಾಗಿದ್ದ ಆತ ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಹಚ್ಚಿ ಕರೆಂಟು ಅಳೆಯುತ್ತಿದ್ದ. ಆ ಕಾಲದ ಬ್ಯಾಟರಿಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಬಿಸ್ಮತ್ ಮತ್ತು ತಾಮ್ರದ ಜೋಡಿ ಮಾಡಿ, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದನ್ನು ಮಂಜಿನ ತಂಪಿನಲ್ಲಿ ಇಟ್ಟ. 1826ರಲ್ಲಿ ಆತ ಬರೆದ ಸಮೀಕರಣದ ಛೇದದಲ್ಲಿ ಎರಡು ಪದ ಇವೆ: ಒಂದು ಆತ ಬದಲಿಸುತ್ತಿದ್ದ ತಂತಿಯದು, ಇನ್ನೊಂದು ಮಂಡಲದ ಉಳಿದ ಭಾಗದ್ದು. ಪುಸ್ತಕ ಬಂದದ್ದು 1827ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಸಿಕ್ಕಿದ್ದು 1841ರಲ್ಲಿ. ಅಷ್ಟು ವರ್ಷ ಕಾಯಿಸಿದ್ದು ಅನ್ಯಾಯವೇ.

ಸ್ವಿಚ್ಚು ನೋಡಿ ಒಟ್ಟು ರೋಧ ಲೆಕ್ಕ ಹಾಕುವ ಈ ವಿದ್ಯೆ ಅಂದವಾಗಿ ಕೆಲಸಕ್ಕೆ ಬರುವುದನ್ನು ನೋಡಬೇಕಾದರೆ ರಿಪೇರಿ ಅಂಗಡಿಗೆ ಹೋಗಬೇಕು. ಅಲ್ಲಿ ಗೋಡೆಯ ಮೇಲೆ ಸೀರೀಸ್ ಬೋರ್ಡ್ ಇರುತ್ತದೆ: 100 ವ್ಯಾಟಿನ ಒಂದು ಬಲ್ಬು, ಅದರೊಂದಿಗೆ ಸರಣಿಯಲ್ಲಿ ಒಂದು ಸಾಕೆಟ್ಟು. ರಿಪೇರಿಗೆ ಬಂದ ಸಾಮಾನನ್ನು ಆ ಸಾಕೆಟ್ಟಿಗೆ ಹಾಕುತ್ತಾರೆ. ಬಲ್ಬು ಹತ್ತದಿದ್ದರೆ ಒಳಗೆಲ್ಲೋ ತಂತಿ ಕಡಿದಿದೆ, ಪೂರ್ತಿ ಹತ್ತಿದರೆ ಶಾರ್ಟು, ಮಂಕಾದರೆ ಸರಿ ಇರಬಹುದು. ಆದರೆ ಇಸ್ತ್ರಿ ಪೆಟ್ಟಿಗೆ ಬಂದಾಗ ಸೂಕ್ಷ್ಮ ಬೇಕು. 230 ವೋಲ್ಟಿನಲ್ಲಿ ಉರಿಯುವ 100 ವ್ಯಾಟ್ ಬಲ್ಬಿನ ರೋಧ 529 ಓಮ್, 750 ವ್ಯಾಟಿನ ಇಸ್ತ್ರಿಯದು ಸುಮಾರು 70. ಒಟ್ಟು ಆರುನೂರರ ಹತ್ತಿರ. ರೋಧ ಬದಲಾಗದೆಂದು ಹಿಡಿದರೆ ಬಲ್ಬಿನ ಪಾಲಿಗೆ 203 ವೋಲ್ಟು ಸಿಗುತ್ತದೆ. ಇಸ್ತ್ರಿ ಚೆನ್ನಾಗಿದ್ದರೂ ಬಲ್ಬು ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ, ಶಾರ್ಟಾಗಿದೆಯೋ ಏನೋ ಎಂದು ಅನುಮಾನ ಹುಟ್ಟಿಸುವಷ್ಟು. ಅದಕ್ಕೇ ಕೆಲವು ಬೋರ್ಡುಗಳಲ್ಲಿ ಎರಡು ಬಲ್ಬು ಸಮಾಂತರವಾಗಿ, ಒಂದೊಂದಕ್ಕೂ ಒಂದು ಸ್ವಿಚ್ಚು. ಎರಡನೆಯದನ್ನೂ ಹಾಕಿದರೆ ಬಲ್ಬುಗಳ ರೋಧ ಅರ್ಧಕ್ಕಿಳಿದು 264 ಆಗುತ್ತದೆ, ಬಲ್ಬುಗಳ ಪಾಲು 180 ವೋಲ್ಟಿನ ಆಸುಪಾಸಿಗೆ ಬರುತ್ತದೆ, ಮಂಕು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮುಂದಿನ ಸಲ ಅಂಥ ಅಂಗಡಿಗೆ ಹೋದಾಗ, ಮೇಸ್ತ್ರಿ ಯಾವ ಸಾಮಾನಿಗೆ ಎಷ್ಟು ಸ್ವಿಚ್ಚು ಹಾಕುತ್ತಾರೆ ಎಂದು ನಿಂತು ನೋಡಿ. ಕೇಳಿದರೆ ಹೇಳಿಯೂ ಕೊಡುತ್ತಾರೆ.