ಇಸ್ರಾಯೇಲ್ ಮೊಹಲ್ಲೆಯ ಶನಿವಾರಗಳು

ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸುತ್ತಿರುವ ನನ್ನ ತಮ್ಮನ ಮಗಳು ಮೊನ್ನೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಮುಂಬಯಿಯ ಬೆನೆ ಇಸ್ರಾಯೇಲ್ ಯೆಹೂದ್ಯರ ನೆರೆಯಲ್ಲಿ ನಾನು ಬಾಳಿದ ದಿನಗಳ ಮಾತು ಬಂದಿತ್ತು. “ದೊಡ್ಡಪ್ಪ, ಅವರು ಅದೇ ಐದು ಕಾಂಡಗಳನ್ನು ವರ್ಷವರ್ಷವೂ ಓದಿ ಮುಗಿಸಿ, ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು ಎನ್ನುತ್ತೀರಿ. ಒಮ್ಮೆ ಅರ್ಥವಾದದ್ದನ್ನು ಮತ್ತೆ ಓದಿ ಅವರಿಗೆ ಏನು ಸಿಗುತ್ತಿತ್ತು?” ಎಂದಳು. ಪ್ರಶ್ನೆ ಸಾಧುವಾದದ್ದೇ. ಉತ್ತರವನ್ನು ಊಟದೆಲೆಯ ಮುಂದೆ ಹೇಳಿ ಮುಗಿಸಲಾಗದೆ, ಆ ಓಣಿಯನ್ನೂ ಆ ಓದನ್ನೂ ಕಣ್ಣಾರೆ ಕಂಡ ಕನ್ನಡಿಗರು ಹೆಚ್ಚು ಮಂದಿ ಇರಲಾರರೆಂಬುದು ಮನಸ್ಸಿಗೆ ಬಂದು, ಇದನ್ನು ಬರೆಯಲು ಕುಳಿತಿದ್ದೇನೆ. ದಾಖಲೆಗಳನ್ನು ಶೋಧಿಸಿ ಬರೆಯುವವರು ಬರೆಯಲಿ; ನಾನು ನೆಚ್ಚಿರುವುದು ನನ್ನ ಕಿವಿಯನ್ನು.

ಸ್ವಾತಂತ್ರ್ಯಕ್ಕೆ ಕೆಲವು ವರ್ಷಗಳ ಹಿಂದೆ ಮುಂಬಯಿಗೆ ಬಂದ ನಾನು ಹಗಲು ಮಾಂಡ್ವಿಯ ಧಾನ್ಯವ್ಯಾಪಾರಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುತ್ತ, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತ, ಇಸ್ರಾಯೇಲ್ ಮೊಹಲ್ಲೆಯ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ ಬಿಡಾರ ಹೂಡಿದ್ದೆ. ಪಕ್ಕದ ಖೋಲಿಯಲ್ಲಿದ್ದವರು ಹಜ್ಜಾನರು, ಎಂದರೆ ಯೆಹೂದ್ಯರ ದೇವಾಲಯದಲ್ಲಿ ಪ್ರಾರ್ಥನೆಯನ್ನು ನಡೆಸಿ ಆ ಐದು ಕಾಂಡಗಳ ತೋರಾ ಗ್ರಂಥವನ್ನು ಪಠಿಸುವವರು. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರಿಗೆ ನಾನು ಕೊನೆಯವರೆಗೂ “ಮಾಸ್ತರ್”. ನಮ್ಮಿಬ್ಬರ ಮಾತು ಮರಾಠಿಯಲ್ಲಿ ನಡೆಯುತ್ತಿತ್ತು. ಅವರದು ಕೊಂಕಣದ ಕರಾವಳಿಯ ಮರಾಠಿ. ಅವರ ಪೂರ್ವಿಕರು ಅಲ್ಲಿಯ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡಿದ್ದು, ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲ ಜನ ಅವರಿಗೆ ‘ಶನಿವಾರ ತೇಲಿ’ಗಳೆಂದು ಹೆಸರಿಟ್ಟಿದ್ದರು. ಗ್ರಂಥವೂ ಗುರುವೂ ಇಲ್ಲದೆ ಶತಮಾನಗಳ ಕಾಲ ಆ ಒಂದು ದಿನದ ವಿಶ್ರಾಂತಿಯನ್ನೂ, ಏಕದೇವನನ್ನು ಸ್ಮರಿಸುವ ಒಂದು ಪ್ರಾರ್ಥನೆಯನ್ನೂ, ಸುನ್ನತಿಯನ್ನೂ, ಆಹಾರದ ಕೆಲವು ನಿಯಮಗಳನ್ನೂ ಬಿಡದೆ ಹಿಡಿದುಕೊಂಡು ಬಂದ ಜನ ಅವರು. ಓದುವ ವಿದ್ಯೆ ಅವರಿಗೆ ಮರಳಿ ದೊರೆತದ್ದು ಬಹುಮಟ್ಟಿಗೆ ಕೊಚ್ಚಿಯ ಯೆಹೂದ್ಯ ಗುರುಗಳಿಂದ.

ನಾನು ಕನ್ನಡದವನೆಂದು ತಿಳಿದ ದಿನವೇ ಕಾಕಾ ನನಗೊಂದು ಕಥೆ ಹೇಳಿದರು. ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ದಿವೇಕರರು ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿ, ಜೀವಸಹಿತ ಬಿಡುಗಡೆಯಾದರೆ ದೇವರಿಗೊಂದು ಮನೆ ಕಟ್ಟಿಸುವೆನೆಂದು ಹರಕೆ ಹೊತ್ತರಂತೆ. ಇವರು ಇಸ್ರಾಯೇಲನ ಮಕ್ಕಳೆಂದು ತಿಳಿದ ಟಿಪ್ಪುವಿನ ತಾಯಿ ತಾನೇ ಅವರ ಪ್ರಾಣವನ್ನು ಉಳಿಸಿದಳಂತೆ. ಆ ಹರಕೆಯ ಫಲವಾಗಿ 1796ರಲ್ಲಿ ಎದ್ದು ನಿಂತದ್ದು ‘ದಯಾದ್ವಾರ’ವೆಂಬ ಅರ್ಥದ ಹೀಬ್ರೂ ಹೆಸರಿನ ದೇವಾಲಯ. ಓಣಿಯವರ ಬಾಯಲ್ಲಿ ಅದು ‘ಜುನೀ ಮಶೀದ್’. ಅದಿರುವ ಬೀದಿ ಇಂದಿಗೂ ಸ್ಯಾಮ್ಯುಯೆಲ್ ಸ್ಟ್ರೀಟ್. “ನಮ್ಮ ಓದು ಶುರುವಾದದ್ದು ನಿಮ್ಮ ನಾಡಿನ ಸೆರೆಮನೆಯಲ್ಲಿ, ಮಾಸ್ತರ್. ನೀವು ಕೇಳಲು ಬರಬೇಕು” ಎಂದರು. ತಲೆಗೆ ಕರಿಯ ಟೋಪಿ ಇಟ್ಟುಕೊಂಡು ನಾನು ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಆಮೇಲೆ ಅದು ರೂಢಿಯಾಯಿತು.

ತೋರಾ ಗ್ರಂಥವನ್ನು 54 ಪಾಠಗಳಾಗಿ ವಿಭಾಗಿಸಿದ್ದಾರೆ. ಒಂದೊಂದೂ ಒಂದು ಪರಾಶಾ, ವಾರಕ್ಕೊಂದು. ಅವರ ಪಂಚಾಂಗದಲ್ಲಿಯೂ ನಮ್ಮಂತೆ ಅಧಿಕಮಾಸವುಂಟು. ಅದು ಬಂದ ವರ್ಷ ಪಾಠಗಳು ಬಿಡಿಬಿಡಿಯಾಗಿ ಸಾಗುತ್ತವೆ, ಬಾರದ ವರ್ಷ ಕೆಲವನ್ನು ಜೋಡಿಸಿ ಓದುತ್ತಾರೆ. ಶನಿವಾರ ಬೆಳಿಗ್ಗೆ ಏಳು ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ವೇದಿಕೆಗೆ ಕರೆದು, ಅವರೆದುರಿನಲ್ಲಿ ಪಾಠವನ್ನು ಏಳು ಭಾಗ ಮಾಡಿ ಓದಬೇಕು. ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿಯನ್ನು ಮರದ ದುಂಡು ಸಂಪುಟದಲ್ಲಿರಿಸಿ, ನೆಟ್ಟಗೆ ನಿಲ್ಲಿಸಿ, ಅದರ ಕದಗಳನ್ನು ತೆರೆದು ಓದುವುದು ಅವರ ಪದ್ಧತಿ. ಕೈಬೆರಳು ತಾಗಕೂಡದಾದ್ದರಿಂದ ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರಿಸುತ್ತಾರೆ. ಆ ಸುರುಳಿಯಲ್ಲಿ ಸ್ವರಚಿಹ್ನೆಯಿಲ್ಲ, ವಿರಾಮಚಿಹ್ನೆಯಿಲ್ಲ, ರಾಗದ ಗುರುತಂತೂ ಇಲ್ಲವೇ ಇಲ್ಲ. ಬರಿಯ ವ್ಯಂಜನಗಳ ಸಾಲು. 3,04,805 ಅಕ್ಷರಗಳೆಂದು ಕಾಕಾ ಹೇಳುತ್ತಿದ್ದರು. ಅವುಗಳಲ್ಲಿ ಒಂದು ಅಳಿಸಿದರೂ ತಿದ್ದುವವರೆಗೆ ಸುರುಳಿ ಓದಲು ಅನರ್ಹ. ಆದ್ದರಿಂದ ಉಚ್ಚಾರವನ್ನೂ ರಾಗವನ್ನೂ ಓದುವವನು ಮೊದಲೇ ಕಂಠಗತ ಮಾಡಿಕೊಂಡಿರಬೇಕು. ಗುರುವಾರ ರಾತ್ರಿ, ನಾನು ಶಾಲೆ ಮುಗಿಸಿ ಬಂದು ಅನ್ನಕ್ಕಿಡುವ ಹೊತ್ತಿಗೆ, ಗೋಡೆಯಾಚೆಯಿಂದ ಅವರ ಅಭ್ಯಾಸ ಕೇಳಿಬರುತ್ತಿತ್ತು: ಒಂದು ಸಾಲು, ನಿಲುಗಡೆ, ಮತ್ತೆ ಅದೇ ಸಾಲು. ಮೂಲವನ್ನು ಎರಡು ಸಲ, ಪ್ರಾಚೀನ ಅರಮೀಯ ಅನುವಾದವನ್ನು ಒಂದು ಸಲ ಮನೆಯಲ್ಲಿ ಓದಿಕೊಂಡೇ ಸಭೆಗೆ ಬರಬೇಕೆಂಬ ವಿಧಿಯನ್ನು ಅವರು ಒಂದು ವಾರವೂ ತಪ್ಪಿಸಿದವರಲ್ಲ. ಸಭೆಯಲ್ಲಿ ಒಂದು ಶಬ್ದ ಜಾರಿದರೆ ಕೆಳಗೆ ಕುಳಿತ ಮುದುಕರು ಒಟ್ಟಿಗೆ ಕೂಗಿ ತಿದ್ದುತ್ತಿದ್ದರು. ಕಾಕಾ ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದರು. ಅದರಲ್ಲಿ ಯಾರಿಗೂ ಅವಮಾನವೆನಿಸುತ್ತಿರಲಿಲ್ಲ.

ಗಾಜಿನ ದೀಪಗಳಲ್ಲಿ ಉರಿಯುತ್ತಿದ್ದ ತೆಂಗಿನೆಣ್ಣೆಯ ವಾಸನೆ ಆ ಮಂದಿರದ ಮರಕ್ಕೂ ಬಟ್ಟೆಗೂ ಪುಸ್ತಕಗಳಿಗೂ ಹತ್ತಿಹೋಗಿತ್ತು. ಮಳೆಗಾಲದಲ್ಲಿ ಅದರೊಡನೆ ಹಳೆಯ ಚರ್ಮದ ಕಮಟು ಬೆರೆಯುತ್ತಿತ್ತು. ಮಧ್ಯಾಹ್ನ ಕಾಕಾರ ಖೋಲಿಯ ಮುಂದಿನ ಮೊಗಸಾಲೆಯಲ್ಲಿ ಅವರ ಹತ್ತಿರ ಕುಳಿತಾಗಲೂ ಅದೇ ವಾಸನೆ. ಜೊತೆಗೆ, ಒಣದ್ರಾಕ್ಷಿಯನ್ನು ನೆನೆಹಾಕಿ ಹಿಂಡಿದ ಶರಬತ್ತಿನ ಸಿಹಿ. ಮದ್ಯದ ಬದಲು ಆ ಶರಬತ್ತಿನ ಮೇಲೆಯೇ ಅವರು ಆಶೀರ್ವಚನ ಹೇಳುತ್ತಿದ್ದರು. ಒಲೆ ಹೊತ್ತಿಸುವಂತಿಲ್ಲ, ಬರೆಯುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಹೀಗಾಗಿ ಆ ಮೂರು ನಾಲ್ಕು ಗಂಟೆಗಳ ಹೊತ್ತು ಮಾತಿಗೇ ಮೀಸಲು. ಗಿರಣಿಯ ಕಾರಕೂನರು, ರೇಲ್ವೆಯವರು, ಅಂಚೆಯವರು ಬಂದು ಮೆಟ್ಟಿಲಮೇಲೆ ಕೂಡುತ್ತಿದ್ದರು. ಬೆಳಿಗ್ಗೆ ಹೀಬ್ರೂವಿನಲ್ಲಿ ಕೇಳಿದ್ದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುತ್ತಿರಲಿಲ್ಲ. ಅರ್ಥ ಹುಟ್ಟುತ್ತಿದ್ದದ್ದು ಇಲ್ಲಿ, ಮರಾಠಿಯಲ್ಲಿ, ಪ್ರಶ್ನೆಯಿಂದ.

ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಪಟ್ಟಣದಲ್ಲಿದ್ದ ರಾಶಿ ಎಂಬ ವ್ಯಾಖ್ಯಾನಕಾರನನ್ನು ಕಾಕಾ ಮನೆಯ ಹಿರಿಯನ ಹೆಸರಿನಂತೆ ಎತ್ತುತ್ತಿದ್ದರು. ನೋಹನ ಪಾಠ ಬಂದಾಗ, ಅವನು ತನ್ನ ಕಾಲದವರಲ್ಲಿ ನೀತಿವಂತನೆಂದು ಮೂಲದಲ್ಲಿ ಹೇಳಿದ್ದೇಕೆ, ಬರಿದೆ ನೀತಿವಂತನೆಂದರೆ ಸಾಲದಾಗಿತ್ತೆ ಎಂದು ಕೇಳುವರು. ಅಂಥ ದುಷ್ಟಕಾಲದಲ್ಲಿಯೂ ಒಳ್ಳೆಯವನಾಗಿ ಉಳಿದನೆಂಬ ಹೊಗಳಿಕೆಯೆಂದು ಕೆಲವರು. ಅಬ್ರಹಾಮನ ಕಾಲದಲ್ಲಿದ್ದಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲವೆಂಬ ತೆಗಳಿಕೆಯೆಂದು ಕೆಲವರು. ರಾಶಿ ಎರಡನ್ನೂ ಬರೆದಿಟ್ಟು ತೀರ್ಪು ಕೊಡದೆ ಮುಂದೆ ಹೋಗಿದ್ದಾನೆ. ಮೆಟ್ಟಿಲ ಮೇಲಿನವರು ಎರಡು ಪಕ್ಷವಾಗಿ ಸಂಜೆಯ ಪ್ರಾರ್ಥನೆಯವರೆಗೂ ವಾದಿಸುವರು. ಮರುವರ್ಷ ಅದೇ ವಾದ; ಆದರೆ ಕಳೆದ ವರ್ಷ ಹೊಗಳಿಕೆಯ ಪಕ್ಷದಲ್ಲಿದ್ದವನು ಈಗ ಆಚೆಯ ಪಕ್ಷಕ್ಕೆ ಹೋಗಿರುವನು, ನಡುವೆ ಅವನ ಗಿರಣಿಯಲ್ಲಿ ಹರತಾಳ ನಡೆದು, ಸುಮ್ಮನಿದ್ದು ತಮ್ಮನ್ನು ಮಾತ್ರ ಉಳಿಸಿಕೊಂಡವರನ್ನು ಅವನು ಕಂಡಿರುವನು. ನನ್ನ ತಮ್ಮನ ಮಗಳ ಪ್ರಶ್ನೆಗೆ ಉತ್ತರ ಅಲ್ಲಿದೆ: ಪಾಠ ಅದೇ ಆಗಿರುತ್ತಿತ್ತು, ಕೇಳುವವನು ಬೇರೆಯಾಗಿರುತ್ತಿದ್ದ.

ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ರಸವತ್ತಾದ ಪಾಠಗಳಲ್ಲ. ಚೈತ್ರ ವೈಶಾಖದ ಸೆಕೆಯಲ್ಲಿ ಯಾಜಕಕಾಂಡದ ಎರಡು ಪಾಠಗಳು ಬರುತ್ತವೆ. ಚರ್ಮದ ಮೇಲಿನ ಬಿಳಿಯ ಕಲೆಗಳು, ಬಟ್ಟೆಯ ಮೇಲಿನ ಬೂಷ್ಟು, ಗೋಡೆಯ ಮೇಲಿನ ಮಚ್ಚೆ, ಯಾವುದು ಶುದ್ಧ, ಯಾವುದು ಅಶುದ್ಧ, ಕಥೆಯಿಲ್ಲ, ಕಾವ್ಯವಿಲ್ಲ. ಹುಡುಗರು ಆಕಳಿಸುತ್ತಿದ್ದರು. ಇದನ್ನು ಬಿಟ್ಟು ಮುಂದೆ ಹೋಗಬಾರದೆ ಎಂದು ನಾನೇ ಒಮ್ಮೆ ಕೇಳಿದೆ. ಕಾಕಾ ಕೋಪಿಸಿಕೊಳ್ಳಲಿಲ್ಲ. “ಮಾಸ್ತರ್, ಯಾಜಕನು ರೋಗಿಯನ್ನು ಏಳು ದಿನ ಬೇರೆಯಿರಿಸಿ ಮತ್ತೆ ನೋಡಬೇಕು, ಸಂದೇಹವಿದ್ದರೆ ಇನ್ನೂ ಏಳು ದಿನ ಬಿಟ್ಟು ಮತ್ತೆ ನೋಡಬೇಕು. ಒಂದೇ ನೋಟಕ್ಕೆ ಒಬ್ಬನನ್ನು ಅಶುದ್ಧನೆನ್ನಲು ಅವನಿಗೆ ಎಷ್ಟು ಹಿಂಜರಿಕೆ, ನೋಡಿ. ಇನ್ನು ರೋಗಿ ವಾಸಿಯಾದನೋ ಎಂದು ನೋಡಲು ಪಾಳೆಯದಿಂದ ಹೊರಗೆ ಹೋಗಬೇಕಾದವನು ಯಾಜಕನೇ. ದೊಡ್ಡವನು ಎದ್ದು ಹೊರಗೆ ಹೋಗಬೇಕು” ಎಂದರು. ಮೆಟ್ಟಿಲ ಮೇಲೆ ಒಬ್ಬರೂ ಮಾತಾಡಲಿಲ್ಲ. ಅಸ್ಪೃಶ್ಯತೆಯ ವಿಷಯವಾಗಿ ನಾನು ಆವರೆಗೆ ಓದಿದ್ದ ದೊಡ್ಡ ಪ್ರಬಂಧಗಳಾವುವೂ ಆ ಮಾತಿನಷ್ಟು ನನ್ನನ್ನು ತಟ್ಟಿರಲಿಲ್ಲ. ಪಾಠವನ್ನು ಅವರು ಆರಿಸಿಕೊಂಡದ್ದಲ್ಲ. ಪಂಚಾಂಗ ಅದನ್ನು ತಂದು ಮುಂದೆ ಇಟ್ಟಿತ್ತು. ತನಗೆ ಬೇಡವಾದದ್ದರ ಮುಂದೆಯೂ ಒಂದು ವಾರ ಕುಳಿತಿರಬೇಕೆಂಬ ಆ ಶಿಸ್ತೇ ಅವರ ವ್ಯಾಖ್ಯಾನಕಲೆಯ ಬೇರು.

ನಮ್ಮೂರ ಮಠದಲ್ಲಿ ಚಾತುರ್ಮಾಸ್ಯದ ಉದ್ದಕ್ಕೂ ಕುಮಾರವ್ಯಾಸನ ಭಾರತವನ್ನು ಮೊದಲಿನಿಂದ ಓದಿಸಿ ಅರ್ಥ ಹೇಳಿಸುತ್ತಿದ್ದ ಕಾಲವನ್ನು ನಾನು ಬಲ್ಲೆ. ಈಗ ಗಮಕಿಗಳನ್ನು ಕರೆಸುವವರು ಒಂದು ಸಂಜೆಗೆ ಒಂದು ಪ್ರಸಂಗವೆಂದು ಗೊತ್ತುಮಾಡುತ್ತಾರೆ. ಅದೂ ದ್ರೌಪದಿಯ ಮಾನರಕ್ಷಣೆ, ಇಲ್ಲವೆ ಕರ್ಣನ ಅವಸಾನ. ಅಳು ತರಿಸುವುದು ಬೇಕು, ಕೈಚಪ್ಪಾಳೆ ತರಿಸುವುದು ಬೇಕು. ಉಳಿದದ್ದು ಯಾರಿಗೂ ಬೇಡ. ಹೀಗೆ ಆರಿಸಿ ಆರಿಸಿ ಓದುವವರು ಪುಸ್ತಕದಲ್ಲಿ ಕಾಣುವುದು ತಮ್ಮ ರುಚಿಯನ್ನೇ ಹೊರತು ಬೇರೇನನ್ನೂ ಅಲ್ಲ. ಇದನ್ನು ಕಟುವಾಗಿಯೇ ಹೇಳುತ್ತೇನೆ. ಬೆನೆ ಇಸ್ರಾಯೇಲರೂ ನಮ್ಮ ಹರಿಕಥೆಯ ಸೋದರಿಯಾದ ಮರಾಠಿ ಕೀರ್ತನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಮ್ಮದಾಗಿಸಿಕೊಂಡು ಯೋಸೇಫನ ಕಥೆಯನ್ನು ತಾಳ ಹಿಡಿದು ಹಾಡಿದವರು. ಆದರೆ ಕೀರ್ತನ ಬಂದಿತೆಂದು ಅವರು ವಾರದ ಪಾಠವನ್ನು ಬಿಡಲಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದರೆ ಸುಳ್ಳಾದೀತು. ಕಾಕಾರ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. ವಿಧಿಪ್ರಕಾರ ಕೋಳಿ ಕೊಯ್ದುಕೊಟ್ಟು ಅದರಿಂದ ಬಂದ ಕಾಸಿನಿಂದ ಹೊಂದಿಸಿಕೊಳ್ಳುತ್ತಿದ್ದರು. ಹೆಂಗಸರು ಮೇಲಿನ ಉಪ್ಪರಿಗೆಯಲ್ಲಿ ಕುಳಿತು ಕೇಳಬೇಕಿತ್ತು. ಪಾಠಕ್ಕೆ ಅವರನ್ನು ಕರೆಯುತ್ತಿರಲಿಲ್ಲ. ತಂದೆಯ ಆಸ್ತಿ ತಮಗೂ ಸಲ್ಲಬೇಕೆಂದು ಮೋಶೆಯ ಮುಂದೆ ನಿಂತ ಚಲ್ಪಹಾದನ ಐದು ಹೆಣ್ಣುಮಕ್ಕಳ ಪಾಠ ಬಂದಾಗ ಕಾಕಾರ ಮಗಳು, “ಮೋಶೆಗೇ ಉತ್ತರ ತಿಳಿಯದೆ ದೇವರನ್ನು ಕೇಳಲು ಹೋದನಲ್ಲ ಬಾಬಾ, ನಮ್ಮ ಮುದುಕರಿಗೆ ಮಾತ್ರ ಎಲ್ಲ ಉತ್ತರವೂ ಹೇಗೆ ತಿಳಿದಿದೆ?” ಎಂದು ಕೇಳಿದಳು. ಅದಕ್ಕೆ ಕಾಕಾ ಉತ್ತರ ಕೊಡಲಿಲ್ಲ. ಆ ಶನಿವಾರದಿಂದ ಅವಳಿಗೆ ರಾಶಿಯನ್ನು ಓದಿಸಲು ಮೊದಲುಮಾಡಿದರು.

ಗೌರವಗಳ ಹರಾಜೂ ಇತ್ತು. ಸುರುಳಿಯನ್ನು ಹೊರತರುವುದು, ಅದರ ಕದ ತೆರೆಯುವುದು, ಓದಿಗೆ ಕರೆಸಿಕೊಳ್ಳುವುದು, ಇವುಗಳಿಗೆ ಹಬ್ಬದಲ್ಲಿ ಕೂಗು ಹಾಕಿ ಬೆಲೆ ಏರಿಸುತ್ತಿದ್ದರು. ಓದು ಮುಗಿದು ಹೊಸದಾಗಿ ಆರಂಭವಾಗುವ ಸಿಮ್ಹಾತ್ ತೋರಾದ ದಿನ, ಆದಿಕಾಂಡದ ಮೊದಲ ಸಾಲುಗಳಿಗೆ ನಿಲ್ಲುವ ಗೌರವಕ್ಕಾಗಿ ಒಬ್ಬ ಶ್ರೀಮಂತ ವರ್ತಕರೂ ರೇಲ್ವೆಯಿಂದ ನಿವೃತ್ತರಾದ ಒಬ್ಬ ಫಿಟ್ಟರರೂ ಪೈಪೋಟಿಗಿಳಿದದ್ದನ್ನು ನಾನು ಕಂಡೆ. ಐದು ರೂಪಾಯಿ, ಏಳು, ಹನ್ನೊಂದು. ಇಪ್ಪತ್ತೊಂದಕ್ಕೆ ಫಿಟ್ಟರರ ಧ್ವನಿ ನಡುಗಿತು. ಅದು ಅವರ ತಿಂಗಳ ಪಿಂಚಣಿಗೆ ಹತ್ತಿರದ ಮೊತ್ತ. ವರ್ತಕರು ಇನ್ನೊಂದು ಮಾತು ಕೂಗಬಹುದಿತ್ತು. ಅವರು ಫಿಟ್ಟರರ ಮುಖವನ್ನು ನೋಡಿ, “ಈ ವರ್ಷ ಅವರದು, ಹಣ ನನ್ನದು” ಎಂದರು. ಫಿಟ್ಟರರು ಒಪ್ಪಲಿಲ್ಲ. ಗೌರವ ತನ್ನದಾದರೆ ಹಣವೂ ತನ್ನದೇ ಆಗಬೇಕೆಂದು ಹಟಹಿಡಿದರು. ಬರೆದಿಡುವಂತಿಲ್ಲದ ಆ ಬಾಯಲೆಕ್ಕದ ಸಾಲವನ್ನು ಕಂತುಕಂತಾಗಿ ವರ್ಷವೆಲ್ಲ ತೀರಿಸಿದರು.

1948ರ ಸುಮಾರಿಗೆ ಭಾರತದಲ್ಲಿ ಬೆನೆ ಇಸ್ರಾಯೇಲರು 20,000 ಮಂದಿಯಿದ್ದರು. ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ ಓಣಿ ಖಾಲಿಯಾಗತೊಡಗಿತು. ದೀಪಾವಳಿಯ ಹಿಂಚುಮುಂಚಿಗೆ, ಅಬ್ರಹಾಮನಿಗೆ ಎಲ್ಲವನ್ನೂ ಬಿಟ್ಟು ಹೊರಡೆಂದು ಅಪ್ಪಣೆಯಾಗುವ ಪಾಠ ಬರುತ್ತದೆ. ಆ ವರ್ಷಗಳಲ್ಲಿ ಅದನ್ನು ಓದುವಾಗ ಕಾಕಾರ ಧ್ವನಿ ಕಟ್ಟುತ್ತಿತ್ತು; ಕೇಳುವವರಲ್ಲಿ ಯಾರ ಕೈಯಲ್ಲಿ ಹಡಗಿನ ಟಿಕೀಟಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನದ ಮಾತಿನಲ್ಲಿ ಅವರು ಕೇಳಿದರು: ಹೊರಡುವವನು ಮೊದಲು ಮನೆಯ ಹೊಸಿಲು ದಾಟಿ, ಆಮೇಲೆ ಊರಿನ ಎಲ್ಲೆಯನ್ನು, ಕೊನೆಗೆ ದೇಶದ ಗಡಿಯನ್ನು ದಾಟುತ್ತಾನೆ, ಅಪ್ಪಣೆಯಲ್ಲಿ ಮಾತ್ರ ದೇಶ ಮೊದಲು, ಆಮೇಲೆ ಹುಟ್ಟಿದ ಊರು, ಕೊನೆಗೆ ತಂದೆಯ ಮನೆ ಏಕೆ? ಕಾಲು ಬಿಡುವ ಕ್ರಮ ಒಂದು, ಮನಸ್ಸು ಬಿಡುವ ಕ್ರಮ ಇನ್ನೊಂದು. ಮನಸ್ಸಿಗೆ ಎಲ್ಲಕ್ಕಿಂತ ಕೊನೆಗೆ ಬಿಡುವುದು ತಂದೆಯ ಮನೆ ಎಂದು, ಹಿಂದಿನ ವ್ಯಾಖ್ಯಾನಕಾರರು ಹೇಳಿದ್ದನ್ನು ಅವರು ವಿವರಿಸಿದರು. ಅವರ ಮಗಳು ಹೊರಟದ್ದು ಅದಾದ ಸ್ವಲ್ಪ ದಿನಕ್ಕೆ.

ಹೋದವರನ್ನು ನಾನು ಹಳಿಯಲಾರೆ. ಕೆಲಸಕ್ಕಾಗಿ ಊರು ಬಿಟ್ಟು ಬಂದವನಿಗೆ ಆ ಹಕ್ಕಿಲ್ಲ. ಆದರೆ ಶತಮಾನಗಳ ಕಾಲ ಶನಿವಾರವನ್ನು ಪ್ರಾಣದಂತೆ ಕಾಪಾಡಿದ ಈ ಜನರನ್ನು ಅಲ್ಲಿಯ ಧರ್ಮಾಧಿಕಾರಿಗಳು ಮದುವೆಯ ಸಂದರ್ಭದಲ್ಲಿ ಕುಲಗೋತ್ರ ವಿಚಾರಿಸಿ ಸಂಶಯಿಸಿದರು. ಈ ಜನ ಬೀದಿಗಿಳಿದು ಪ್ರತಿಭಟಿಸಿ, 1964ರಲ್ಲಿ ಆ ದೇಶದ ಸಂಸತ್ತು ಅವರನ್ನು ಎಲ್ಲ ರೀತಿಯಲ್ಲೂ ಸಮಾನರೆಂದು ಸಾರುವವರೆಗೆ ಆ ಅಪಮಾನ ಉಳಿಯಿತು. ಯಾಜಕನು ಎದ್ದು ಹೊರಗೆ ಬಂದು ನೋಡಬೇಕೆಂಬ ಪಾಠವನ್ನು ಆ ಧರ್ಮಾಧಿಕಾರಿಗಳೂ ಪ್ರತಿವರ್ಷ ಓದುತ್ತಿದ್ದರಲ್ಲ! ಇದನ್ನು ನೆನೆದಾಗ ಈಗಲೂ ನನ್ನ ರಕ್ತ ಕುದಿಯುತ್ತದೆ.

ಇತ್ತ ಮೊಹಲ್ಲೆಯಲ್ಲಿ, ಹತ್ತು ಮಂದಿ ವಯಸ್ಕ ಪುರುಷರು ಕೂಡದೆ ಸುರುಳಿಯನ್ನು ತೆರೆದು ಓದುವಂತಿಲ್ಲವೆಂಬ ನಿಯಮ ಕಾಕಾರನ್ನು ಬಾಧಿಸಿತು. ಹತ್ತನೆಯವನಿಗಾಗಿ ಅವರು ಚಾಳಿನಿಂದ ಚಾಳಿಗೆ ನಡೆದುಹೋಗಿ ಕರೆತರುತ್ತಿದ್ದರು. ಎಣಿಕೆಗೆ ಸಲ್ಲದ ನಾನು ಹಿಂದಿನ ಬೆಂಚಿನಲ್ಲಿ ಕಾಯುತ್ತಿದ್ದೆ. ಕೆಲವು ವಾರ ಸುರುಳಿಯಿರುವ ಕಪಾಟಿನ ಪರದೆ ಸರಿಯಲೇ ಇಲ್ಲ. ಆಗ ಅವರು ಅಚ್ಚಾದ ಪುಸ್ತಕದಿಂದ ತಮಗೆ ತಾವೇ ಓದಿಕೊಂಡು ಮನೆಗೆ ಬರುತ್ತಿದ್ದರು. 1964ರ ಸುದ್ದಿ ಕೇಳಿದ ಮೇಲೆ ಹೆಚ್ಚು ಕಾಲ ಅವರು ಬದುಕಲಿಲ್ಲ.

ಕಾಕಾರ ಮಗಳು ಇಸ್ರೇಲಿನ ಬೇರ್ಷೇಬದಲ್ಲಿದ್ದಾಳೆ, ನನಗೆ ಕಾಗದ ಬರೆಯುತ್ತಾಳೆ. ಜೆರೂಸಲೇಮಿನಲ್ಲಿ ನೆಹಾಮಾ ಲೇಬೋವಿಟ್ಸ್ ಎಂಬ ವಿದುಷಿ 1942ರಲ್ಲಿ ಆರಂಭಿಸಿ ಮೂವತ್ತು ವರ್ಷಗಳ ಕಾಲ ವಾರದ ಪಾಠದ ಮೇಲೆ ಪ್ರಶ್ನೆಗಳ ಹಾಳೆಗಳನ್ನು ಅಚ್ಚೊತ್ತಿಸಿ ಹಂಚಿದರಂತೆ; ಬರೆದು ಕಳಿಸಿದ ಉತ್ತರಗಳನ್ನು ತಾವೇ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರಂತೆ. ಆ ಹಾಳೆಗಳಲ್ಲಿ ಉತ್ತರವಿಲ್ಲ, ಪ್ರಶ್ನೆ ಮಾತ್ರ. ಕಠಿನವಾದುದಕ್ಕೆ ಒಂದು ಗುಣಾಕಾರ ಚಿಹ್ನೆ, ಅತಿಕಠಿನವಾದುದಕ್ಕೆ ಎರಡು. ರಾಶಿಯನ್ನು ಇಲ್ಲಿ ತೊಡಕಿಗೆ ಸಿಕ್ಕಿಸಿದ್ದೇನು ಎಂಬುದು ಅವರು ಬಿಡದೆ ಕೇಳುತ್ತಿದ್ದ ಪ್ರಶ್ನೆ. ಮೊಹಲ್ಲೆಯ ಉಪ್ಪರಿಗೆಯಲ್ಲಿ ಕೂಡಿಸಿದ್ದ ಹುಡುಗಿ ಈಗ ಅಂಥ ಹಾಳೆಗಳನ್ನು ಇಟ್ಟುಕೊಂಡು ನೆರೆಯವರನ್ನು ಸೇರಿಸಿ ಓದಿಸುತ್ತಾಳೆ.

ಅಬ್ರಹಾಮನ ಹೊರಡುವಿಕೆಗೆ ತಂದೆ ಹೇಳಿದ ಅರ್ಥವನ್ನು ಅವಳು ಅಲ್ಲಿ ಮುಂದಿಟ್ಟಾಗ, ಮೊರೊಕ್ಕೊದಿಂದ ಬಂದ ಒಬ್ಬ ವೃದ್ಧರು ಒಪ್ಪಲಿಲ್ಲವಂತೆ. ಹಿಂದಿನ ಅಧ್ಯಾಯದಲ್ಲಿಯೇ ತಂದೆ ತೆರಹನು ಅವನನ್ನು ಊರ್ ಪಟ್ಟಣದಿಂದ ಹಾರಾನಿಗೆ ಕರೆತಂದಾಗಿತ್ತು. ದೇಶವನ್ನೂ ಹುಟ್ಟಿದ ಊರನ್ನೂ ಆಗಲೇ ಬಿಟ್ಟವನಿಗೆ ಅವನ್ನು ಮತ್ತೆ ಬಿಡೆಂದರೆ ಏನರ್ಥ, ಮನಸ್ಸಿನ ಕ್ರಮದ ಮಾತು ಅಲ್ಲಿ ಹೇಗೆ ನಿಲ್ಲುತ್ತದೆ ಎಂದು ಅವರ ಆಕ್ಷೇಪ. “ಬಾಬಾ ಇದಕ್ಕೆ ಏನು ಹೇಳುತ್ತಿದ್ದರು, ಮಾಸ್ತರ್ ಕಾಕಾ? ನಿಮಗೆ ನೆನಪಿದೆಯೆ?” ಎಂದು ಕೇಳಿದ್ದಾಳೆ. ಈ ಆಕ್ಷೇಪವನ್ನು ಮೆಟ್ಟಿಲ ಮೇಲೆ ಯಾರೂ ಎತ್ತಿರಲಿಲ್ಲ. ಊರನ್ನು ಕಾಲು ದಾಟಿದ ಮಾತ್ರಕ್ಕೆ ಬಿಟ್ಟಂತಾಗದು, ಹಾರಾನಿನಲ್ಲಿ ಕುಳಿತೂ ಅವನು ಊರ್ ಪಟ್ಟಣದವನಾಗಿಯೇ ಇದ್ದಿರಬಹುದೆಂದು ಬರೆಯೋಣವೆಂದಿದ್ದೇನೆ. ಮೊರೊಕ್ಕೊದ ವೃದ್ಧರು ಇದನ್ನೂ ಒಪ್ಪದೆ ಹೋಗಬಹುದು. ಆ ಪಾಠ ಬರುವುದು ಇನ್ನು ದೀಪಾವಳಿಯ ಹೊತ್ತಿಗೆ. ಅದಕ್ಕೆ ಮೊದಲು ಕಾಗದ ತಲುಪಬೇಕು.