ಸೂರ್ಯನನ್ನು ಕಾಯುವ ಗುಡ್ಡ

ಕೊಡೈಕನಾಲಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಬಿಸಿಲಿನಿಂದ ತಪ್ಪಿಸಿಕೊಳ್ಳಲೆಂದೇ ಹೋಗುತ್ತಾರೆ. ಸರೋವರದಲ್ಲಿ ದೋಣಿವಿಹಾರ ಮಾಡಿ, ಕೋಕರ್ಸ್ ವಾಕಿನ ಅಂಚಿನಲ್ಲಿ ನಿಂತು ಕಣಿವೆಯ ಮಂಜನ್ನು ನೋಡಿ, ನೀಲಗಿರಿ ಎಣ್ಣೆಯ ಸೀಸೆಯೊಂದನ್ನು ಕೊಂಡರೆ ಅವರ ಯಾತ್ರೆ ಸಫಲವಾಯಿತು. ಆದರೆ ಊರಿಗಿಂತಲೂ ಮೇಲೆ, ಸಮುದ್ರಮಟ್ಟದಿಂದ 2,300 ಮೀಟರಿಗೂ ಮಿಕ್ಕ ಎತ್ತರದಲ್ಲಿ, ಬಿಸಿಲನ್ನೇ ಅರಸಿ ಬಂದವರು ನೆಲೆಮಾಡಿದ ಗುಡ್ಡವೊಂದುಂಟು. 1899ರಲ್ಲಿ ಸ್ಥಾಪಿತವಾದ ಸೌರ ವೇಧಶಾಲೆ ಇರುವುದು ಅಲ್ಲಿಯೇ.

ಅದರ ಹುಟ್ಟಿನ ಹಿಂದೆ ಹಸಿವಿನ ಕಥೆಯಿದೆ. 1876ರಿಂದ 1878ರವರೆಗೆ ಮದರಾಸು ಪ್ರಾಂತವನ್ನೂ ಮೈಸೂರು ಸೀಮೆಯನ್ನೂ ಹಿಂಡಿದ ಕ್ಷಾಮವನ್ನು ಕನ್ನಡನಾಡಿನ ಹಿರಿಯರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದರು. ಸೂರ್ಯಬಿಂಬದ ಮೇಲಣ ಕಲೆಗಳ ಏರಿಳಿತಕ್ಕೂ ಮುಂಗಾರು ಕೈಕೊಡುವುದಕ್ಕೂ ನಂಟಿರಬಹುದೆಂಬ ಊಹೆ ಆಗ ಪ್ರಬಲವಾಗಿತ್ತು. ಕಲೆಗಳನ್ನು ಎಣಿಸಿ ಬರವನ್ನು ಮುಂದಾಗಿ ಅರಿಯಬಹುದೆಂಬ ಆಸೆ. ಆ ಆಸೆ ಕೈಗೂಡಲಿಲ್ಲ. ಆದರೆ ಮಳೆಗಾಗಿ ಹಿಡಿದ ಲೆಕ್ಕ ಬೇರೊಂದು ಬಗೆಯ ಬಿರುಗಾಳಿಗೆ ಒದಗಿಬಂದಿತು.

ಲೆಕ್ಕವೆಂದರೆ ನಿಜವಾಗಿಯೂ ದಿನಚರಿಯ ಲೆಕ್ಕ. ಬೆಳಗಿನ ಹೊತ್ತು ನೆಲ ಕಾಯುವ ಮುನ್ನ ಗಾಳಿ ನಿಶ್ಚಲವಾಗಿರುವಾಗ ಸೂರ್ಯನ ಚಿತ್ರವನ್ನು ತೆಗೆಯಬೇಕು. 1850ರಲ್ಲಿ ಪ್ಯಾರಿಸ್ಸಿನಲ್ಲಿ ತಯಾರಾದ ಆರಂಗುಲದ ದೂರದರ್ಶಕವೊಂದು ಇಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ಈ ಚಾಕರಿಯನ್ನು ಮಾಡಿದೆ. ಗಾಜಿನ ಫಲಕಗಳ ಮೇಲೆ ಮೂಡಿದ ಆ ಚಿತ್ರಗಳು ನೂರು ವರ್ಷಗಳಿಗೂ ಮೀರಿದ ಭಂಡಾರ. ಜಗತ್ತಿನಲ್ಲಿ ಇಂಥವು ಬೆರಳೆಣಿಕೆಯಷ್ಟು. ಕಲೆಗಳ ಸಂಖ್ಯೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುವ ಬಗೆಯನ್ನು ಇಂಥ ದಾಖಲೆಗಳಿಂದಲ್ಲದೆ ತಿಳಿಯುವ ದಾರಿಯಿಲ್ಲ. 1909ರಲ್ಲಿ ಜಾನ್ ಎವರ್ಷೆಡ್ ಎಂಬ ವಿಜ್ಞಾನಿ ಸೂರ್ಯಕಲೆಯ ಒಳಗಿನಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದದ್ದೂ ಈ ಗುಡ್ಡದ ಮೇಲೆಯೇ.

ನೋಡಬೇಕಾದುದು ಇಲ್ಲಿಯ ಸುರಂಗ ದೂರದರ್ಶಕ. ಹನ್ನೊಂದು ಮೀಟರ್ ಎತ್ತರದ ಗೋಪುರದ ಮೇಲೆ ಕನ್ನಡಿಗಳು ಸೂರ್ಯನ ಜೊತೆಜೊತೆಗೆ ತಿರುಗುತ್ತ ಬೆಳಕನ್ನು ಕೆಳಗಿಳಿಸುತ್ತವೆ. ಆ ಬೆಳಕು ನೆಲದಡಿಯಲ್ಲಿ ಸುಮಾರು ಅರುವತ್ತು ಮೀಟರ್ ಉದ್ದದ ಕತ್ತಲ ಸುರಂಗವನ್ನು ಹೊಕ್ಕು, ಮಸೂರವೊಂದನ್ನು ಹಾದು, ಊಟದ ತಟ್ಟೆಗಿಂತಲೂ ಅಗಲವಾದ, 34 ಸೆಂಟಿಮೀಟರಿನ ಸೂರ್ಯಬಿಂಬವಾಗಿ ನಿಲ್ಲುತ್ತದೆ. ಕಣ್ಣೆತ್ತಿ ನೋಡಲಾಗದ ದೇವರು ಇಲ್ಲಿ ಶಾಂತಮೂರ್ತಿ.

ಶಾಂತನೆಂದು ನಂಬುವಂತಿಲ್ಲ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಕಲೆಗಳ ಚಿತ್ರ ಬರೆಯುತ್ತಿರುವಾಗ ಅವುಗಳ ನಡುವೆ ಬಿಳಿಯ ಜ್ವಾಲೆಯೊಂದು ಕೆಲವು ನಿಮಿಷ ಮಿಂಚಿ ಅಡಗಿತು. ಹದಿನೇಳು ಹದಿನೆಂಟು ಗಂಟೆಗಳಲ್ಲಿ ಭೂಮಿಯ ಕಾಂತಕ್ಷೇತ್ರ ತಲ್ಲಣಿಸಿತು. ಮುಂಬಯಿಯ ಕೊಲಾಬದ ಕಾಂತಮಾಪಕದ ಅಂಕೆ ಧುಮುಕಿತು. ಅಮೆರಿಕದಲ್ಲಿ ಬ್ಯಾಟರಿಯನ್ನು ಕಳಚಿದರೂ ತಂತಿ ಸುದ್ದಿ ಹರಿಯಿತು. ತಂತಿಯ ಕಾಲದಲ್ಲಿ ಅದು ವಿನೋದ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಇಂಥದೇ ಬಿರುಗಾಳಿ ಸುಮಾರು 60 ಲಕ್ಷ ಜನರ ಮನೆಗಳನ್ನು ಒಂಬತ್ತು ಗಂಟೆಗಳ ಕಾಲ ಕತ್ತಲಾಗಿಸಿದಾಗ ವಿನೋದವೆನ್ನುವವರು ಉಳಿಯಲಿಲ್ಲ.

ಹಾಗಾದರೆ ಮುನ್ಸೂಚನೆ ಸಾಧ್ಯವೇ? ಸ್ವಲ್ಪಮಟ್ಟಿಗೆ ಮಾತ್ರ. ಜ್ವಾಲೆಯ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಯನ್ನು ಮುಟ್ಟುತ್ತದೆ. ಅದನ್ನು ಕಂಡೆವೆನ್ನುವಾಗಲೇ ಅದು ಬಂದಾಗಿರುತ್ತದೆ. ಜ್ವಾಲೆಯ ಜೊತೆಗೆ ಅನೇಕ ವೇಳೆ ಸಿಡಿಯುವ ಅನಿಲಮೇಘ ಮಾತ್ರ ಒಂದರಿಂದ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಅದು ಹೊರಟಿತೆಂದು ತಿಳಿಯಬಹುದು, ಯಾವಾಗ ತಲುಪೀತೆಂದು ಅಂದಾಜಿಸಬಹುದು. ಆದರೆ ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಭೂಮಿಯ ಕಾಂತಕವಚದ ಬಾಗಿಲು ತೆರೆಯುತ್ತದೆ, ಉತ್ತರಕ್ಕಿದ್ದರೆ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಈ ಒಂದು ಸಂಗತಿ ಮೇಘವು ಹತ್ತಿರಕ್ಕೆ ಬರುವವರೆಗೂ ನಿಶ್ಚಯವಾಗಿ ತಿಳಿಯದು. ಅತಿಥಿ ಹೊರಟ ಸುದ್ದಿ ಬಂದಿದೆ, ಸಿಟ್ಟೋ ಶಾಂತವೋ ಹೊಸ್ತಿಲಲ್ಲೇ ಗೊತ್ತಾಗಬೇಕು.

ಆ ಹೊಸ್ತಿಲನ್ನು ಕಾಯಲು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನೌಕೆಗಳನ್ನು ನಿಲ್ಲಿಸಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಹೊರಟು 2024ರ ಜನವರಿ 6ರಂದು ಅಲ್ಲಿಗೆ ಮುಟ್ಟಿದ ಭಾರತದ ಆದಿತ್ಯ ಎಲ್1 ಅವುಗಳಲ್ಲೊಂದು. ಮೇಘವು ಅದನ್ನು ಹಾದರೆ ಭೂಮಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡುವು. ವಿದ್ಯುತ್ ಜಾಲದವರಿಗೆ ಎಚ್ಚರಿಕೆ ಕೊಡಲು ಇರುವುದು ಅಷ್ಟೇ. ಸೂರ್ಯಬಿಂಬವನ್ನು ಮರೆಮಾಡಿ ಕೃತಕ ಗ್ರಹಣವನ್ನುಂಟುಮಾಡುವ ಅದರ ಮುಖ್ಯ ಉಪಕರಣ ಸಿದ್ಧವಾದುದು ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ. ಸಿದ್ಧಪಡಿಸಿದ್ದು ಕೊಡೈಕನಾಲಿನ ವೇಧಶಾಲೆಯನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯೇ.

2024ರ ಮೇ 10ರಂದು ಪರೀಕ್ಷೆಯ ದಿನ ಬಂದಿತು. ಐದು ಮೆಟ್ಟಿಲಿನ ಮಾಪನದಲ್ಲಿ ನಾಲ್ಕನೆಯದೆಂದು ಅಮೆರಿಕದ ಕೇಂದ್ರ ಮುನ್ಸೂಚನೆ ನೀಡಿತ್ತು, ಬಂದದ್ದು ಐದನೆಯದು. ಲಡಾಖಿನ ಹಾನ್ಲೆಯಲ್ಲಿ ಆ ರಾತ್ರಿ ಆಕಾಶದಂಚು ಕೆಂಪಾದುದನ್ನು ಅಲ್ಲಿಯ ವೇಧಶಾಲೆಯ ಕ್ಯಾಮರಾಗಳು ಹಿಡಿದವು. ಧ್ರುವಪ್ರದೇಶದ ಬೆಳಕು ಭಾರತಕ್ಕೆ ಇಣುಕುವುದು ಬಲು ಅಪೂರ್ವ.

ಕೊಡೈಕನಾಲಿನ ಗುಡ್ಡದ ವಸ್ತುಸಂಗ್ರಹಾಲಯದಲ್ಲಿ ಪ್ರವಾಸಿಗರಿಗೆ ಸೂರ್ಯನ ಬಿಂಬವನ್ನೂ ಅದರ ಬೆಳಕು ಬಣ್ಣಗಳಾಗಿ ಬಿಚ್ಚಿಕೊಳ್ಳುವುದನ್ನೂ ತೋರಿಸುವ ಏರ್ಪಾಡುಂಟು. ಮಕ್ಕಳಿದ್ದವರು ಬೆಳಿಗ್ಗೆಯೇ ಹೋಗುವುದು ಲೇಸು. ಮಂಜು ಮೇಲೇರಿತೆಂದರೆ ಬಿಂಬವೂ ಇಲ್ಲ, ಬಣ್ಣವೂ ಇಲ್ಲ.