ಎರಡು ಓ ಸೇರಿದರೆ

ಕನ್ನಡ ಕಾಗುಣಿತ ಚೆನ್ನಾಗಿ ಕಲಿತ ಮಗುವಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಹೇಳಿಕೊಡುವುದೆಂದರೆ ಅದರ ನಂಬಿಕೆ ಕೆಡಿಸುವ ಕೆಲಸ. 'ಬ್ಯಾಗ್' ಬರೆ ಎಂದರೆ ಬಿ, ವೈ, ಎ, ಜಿ ಎಂದು ಬರೆಯುತ್ತದೆ. ಯ ಒತ್ತು ಕಣ್ಣೆದುರಿಗೇ ಇರುವಾಗ ವೈ ಬಿಡುವುದು ಹೇಗೆ? 'ಬ್ಯಾಗ್'ನಲ್ಲಿರುವ ಸ್ವರ ನಮಗೆ ಹೊಸದೇನಲ್ಲ. ಮನೆಯಲ್ಲಿ 'ಬ್ಯಾಡ', 'ಮ್ಯಾಲೆ' ಎನ್ನುವ ಬಾಯಿ ನಮ್ಮದು. ಅದಕ್ಕೊಂದು ಅಕ್ಷರವಿಲ್ಲ, ಅಷ್ಟೆ. ಇಂಗ್ಲಿಷಿನದು ಇನ್ನೂ ಬಡತನದ ಸಂಸಾರ: ಸ್ವರಗಳು 20ರಷ್ಟು, ಅಕ್ಷರ 5.

"ಎರಡು ಓ ಹಾಕಿದ್ರೆ ಓ ತಾನೇ ಉದ್ದ ಆಗ್ಬೇಕು? ಊ ಯಾಕಾಗುತ್ತೆ ತಾತ?" 'ಮೂನ್' ಬರೆಯುತ್ತಿದ್ದ ಮೊಮ್ಮಗಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ, ಆರುನೂರು ವರ್ಷ ತಡವಾಗಿದೆ. ಚಾಸರ್ ಕವಿಯ ಕಾಲದಲ್ಲಿ ಅದನ್ನು ಓಕಾರದಲ್ಲೇ ಅನ್ನುತ್ತಿದ್ದರು. 'ಫೀಟ್' ಆಗ 'ಫೇಟ್'. 'ನೇಮ್' ಹೆಚ್ಚುಕಡಿಮೆ ನಮ್ಮ 'ನಾಮ'ದಂತೆಯೇ ಕೇಳಿಸುತ್ತಿತ್ತು. ಸುಮಾರು 1400ರಿಂದ 1700ರೊಳಗೆ ದೀರ್ಘಸ್ವರಗಳೆಲ್ಲ ಬಾಯೊಳಗೆ ಒಂದೊಂದು ಮೆಟ್ಟಿಲು ಮೇಲೇರಿದವು. ಓ ಊ ಆಯಿತು, ಏ ಈ ಆಯಿತು, ಮೇಲೆ ಜಾಗವಿಲ್ಲದ ಈ ಒಡೆದು ಐ ಆಯಿತು. ಈ ಗಲಾಟೆಯ ನಡುವೆಯೇ, 1476ರಲ್ಲಿ, ಮುದ್ರಕ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಅಚ್ಚುಮೊಳೆಯ ಕೈಗೆ ಸಿಕ್ಕ ಸ್ಪೆಲ್ಲಿಂಗ್ ಬರಬರುತ್ತ ಗಟ್ಟಿಯಾಯಿತು. ನಾಲಗೆ ಯಾರ ಮಾತೂ ಕೇಳಲಿಲ್ಲ.

ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಪುಟ್ ಯಾಕೆ ಎನ್ನುವ ಜೋಕು ಗೊತ್ತಲ್ಲ? ಅದು ಉತ್ತರ ಇಂಗ್ಲೆಂಡಿನಲ್ಲಿ ಅಷ್ಟಾಗಿ ನಡೆಯದು. ಅಲ್ಲಿ ಅನೇಕರು ಇವತ್ತಿಗೂ ಎರಡನ್ನೂ ಒಂದೇ ಉಕಾರದಲ್ಲಿ ಅನ್ನುತ್ತಾರೆ.

ಇದನ್ನೆಲ್ಲ ಹೇಳಿದರೆ ನಾಳಿನ ಡಿಕ್ಟೇಶನ್‌ಗೆ ಮಾರ್ಕ್ಸ್ ಬರುವುದಿಲ್ಲ. ಅದಕ್ಕೆ ನಮ್ಮ ಹಳೇ ಮೇಷ್ಟ್ರುಗಳ ಉಪಾಯವೇ ವಾಸಿ: ಬರೆಯುವುದಕ್ಕೆಂದೇ ಇನ್ನೊಂದು ಉಚ್ಚಾರಣೆ ಇಟ್ಟುಕೊಳ್ಳುವುದು. ಬುಧವಾರಕ್ಕೆ 'ವೆಡ್-ನೆಸ್-ಡೇ', ಬ್ರೆಡ್ಡಿಗೆ 'ಬ್ರೆ-ಆಡ್', ಸಕ್ಕರೆಗೆ 'ಸು-ಗಾರ್'. ಈ ಕೊನೆಯದು ಮುಖ್ಯ. ಟೀಚರ್, ಡಾಕ್ಟರ್, ಶುಗರ್ ಮೂರರ ಬಾಲದಲ್ಲೂ ಕೇಳಿಸುವುದು ಒಂದೇ ಸೊರಗಿದ ಸ್ವರ. ಬರೆಯುವಾಗ ಒಂದಕ್ಕೆ ಇ, ಒಂದಕ್ಕೆ ಓ, ಒಂದಕ್ಕೆ ಎ. ಕಿವಿಯನ್ನು ನಂಬಿದವರು ಇಲ್ಲಿ ಕೆಟ್ಟರು. 'ಡಾಕ್-ಟೋರ್' ಎಂದು ಮನಸ್ಸಿನಲ್ಲೇ ಅಂದುಕೊಂಡವರು ಪಾಸು. ಉಚ್ಚಾರಣೆ ಕೆಡುತ್ತದೆ ಎಂದು ಸ್ಕೂಲಿನವರು ಗೊಣಗಬಹುದು. ಮಕ್ಕಳು ಅಷ್ಟು ದಡ್ಡರಲ್ಲ. ಯಾವುದನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

"ಹಾಗಾದ್ರೆ ಬ್ಲಡ್‌ಗೂ ಯಾಕೆ ಎರಡು ಓ?"

ಮೂನ್, ಗುಡ್, ಬ್ಲಡ್ ಮೂರೂ ಮೊದಲು ಓ, ಆಮೇಲೆ ಊ. ಬ್ಲಡ್ ಬೇಗನೆ ಹ್ರಸ್ವವಾಗಿ 'ಬಟ್' ಹಿಂದೆ ಹೋಯಿತು, ಗುಡ್ ತಡವಾಗಿ ಹ್ರಸ್ವವಾಗಿ 'ಪುಟ್' ಜೊತೆ ಉಳಿಯಿತು, ಮೂನ್ ಹ್ರಸ್ವವಾಗಲೇ ಇಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, ಮೂರನ್ನೂ ಓಕಾರದಲ್ಲೇ ಗಟ್ಟಿಯಾಗಿ ಓದುತ್ತ ಬರೆದಳು. ಮೂರೂ ಸರಿ.